ಕಲ್ಲನ್ನೆಳೆದ ಕೈಗಳು: ರಾಯಚೂರು ಕೋಟೆಯ ಒಂದು ದಿನದ ದರ್ಶನ

ಪ್ರವಾಸವು ಕಣ್ಣಿಗೆ ಹಬ್ಬವಾಗುವುದು ಸುಲಭ. ಅದು ಅರಿವಿಗೆ ಆಹಾರವಾಗಬೇಕಾದರೆ ನೋಡುವ ಬಗೆಯನ್ನು ಕಲಿತಿರಬೇಕು. ಗುಂಜಹಳ್ಳಿ ಮೊದಲಾಗಿ ರಾಯಚೂರು ಸೀಮೆಯ ಹಳ್ಳಿಗಳವರಿಗೆ ರಾಯಚೂರು ಕೋಟೆ ದೂರದ ಕ್ಷೇತ್ರವೇನೂ ಅಲ್ಲ. ಹತ್ತಿ ಮಾರಲು, ಕಚೇರಿಯ ಕೆಲಸಕ್ಕೆ, ಆಸ್ಪತ್ರೆಗೆ, ಮಕ್ಕಳ ಓದಿಗೆ ಎಂದು ನಗರಕ್ಕೆ ಬಂದು ಹೋಗುವವರು ವರ್ಷದಲ್ಲಿ ಹಲವು ಬಾರಿ ಆ ಗೋಡೆಗಳ ಪಕ್ಕದಲ್ಲೇ ಹಾದು ಹೋಗುತ್ತಾರೆ. ಆದರೆ ಹಾದು ಹೋಗುವುದು ಬೇರೆ, ಕಾಣುವುದು ಬೇರೆ. ನಿತ್ಯವೂ ಕಣ್ಣಿಗೆ ಬೀಳುವ ವಸ್ತುವನ್ನು ಮನಸ್ಸು ಕಾಣದೆ ಬಿಡುವುದು ಲೋಕದ ರೂಢಿ. ಆದುದರಿಂದಲೇ ಶಾಲೆಯ ಮಕ್ಕಳನ್ನೋ, ಮನೆಯ ಹಿರಿಯರನ್ನೋ ಕೂಡಿಕೊಂಡು, ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು, ಒಂದು ದಿನವನ್ನು ಆ ಕೋಟೆಗೆಂದೇ ಮೀಸಲಿಡುವುದು ಉಚಿತವಾದುದು.

ಇಂತಹ ದರ್ಶನಗಳಲ್ಲಿ ಮಾರ್ಗದರ್ಶಿಯ ಮಾತು ಸಾಮಾನ್ಯವಾಗಿ ಅರಸರಿಂದ ಆರಂಭವಾಗಿ ಯುದ್ಧದಲ್ಲಿ ಮುಗಿಯುತ್ತದೆ. ಯಾರು ಕಟ್ಟಿಸಿದರು, ಯಾರು ಗೆದ್ದರು, ಯಾರು ಸೋತರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಇತಿಹಾಸ ತಿಳಿಯಿತೆಂದು ಕೇಳುವವರೂ ತೃಪ್ತರಾಗುತ್ತಾರೆ. ರಾಯಚೂರು ಕೋಟೆಯು ನಾಲ್ಕನೆಯ ಪ್ರಶ್ನೆಯೊಂದನ್ನು ತಾನೇ ಎತ್ತುತ್ತದೆ: ಕಟ್ಟಿಸಿದವರು ಇಂಥವರು, ಸರಿ, ಕಟ್ಟಿದವರು ಯಾರು? ಇದಕ್ಕೆ ಉತ್ತರವನ್ನೂ ಅದು ತನ್ನ ಗೋಡೆಯ ಮೇಲೆ ಬರೆದಿಟ್ಟುಕೊಂಡಿದೆ. ಆ ಉತ್ತರವು ಅಕ್ಷರದಲ್ಲಿಲ್ಲ, ಚಿತ್ರದಲ್ಲಿದೆ.

ಎರಡು ಹೊಳೆಗಳ ನಡುವಣ ನಾಡು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಭೂಮಿಯನ್ನು ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆಯುತ್ತವೆ. ನೀರುಂಟು, ಎರೆಭೂಮಿಯುಂಟು, ಉತ್ತರದಿಂದ ದಕ್ಷಿಣಕ್ಕೆ ಹೋಗುವ ದಾರಿಗಳುಂಟು. ಇಂತಹ ನೆಲವನ್ನು ಯಾವ ಅರಸನೂ ಇನ್ನೊಬ್ಬನಿಗೆ ಸುಲಭವಾಗಿ ಬಿಟ್ಟುಕೊಡಲಿಲ್ಲ. ಚಾಲುಕ್ಯರು ಮತ್ತು ಚೋಳರು, ಸೇವುಣರು ಮತ್ತು ಕಾಕತೀಯರು, ವಿಜಯನಗರದವರು ಮತ್ತು ಬಹಮನಿಗಳು, ಬಳಿಕ ಬಿಜಾಪುರದ ಆದಿಲಶಾಹಿಗಳು ಹೀಗೆ ಶತಮಾನಗಳ ಕಾಲ ಈ ನಾಡಿಗಾಗಿ ಕಾದಾಡಿದರು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ಇದು ದೇವಗಿರಿಯ ಸೇವುಣರ ಕೈಯಲ್ಲಿತ್ತು. ಓರುಗಲ್ಲಿನ ಕಾಕತೀಯರ ಪರವಾಗಿ ಗೋನ ಗನ್ನಾರೆಡ್ಡಿ ಎಂಬ ಮಾಂಡಲಿಕನ ಆಜ್ಞೆಯಂತೆ ವಿಠಲನೆಂಬ ಸೇನಾನಿ ದಂಡೆತ್ತಿ ಬಂದನು. ಆದವಾನಿ, ತುಂಬಳ, ಮಾನುವ ಮೊದಲಾದ ಕೋಟೆಗಳನ್ನು ಹಿಡಿದು, ರಾಯಚೂರನ್ನು ಪ್ರವೇಶಿಸಿ, ಇಲ್ಲಿ ಬಲವಾದ ಕಲ್ಲಿನ ಕೋಟೆಯನ್ನು ಕಟ್ಟಿಸಿದನು. ಮಾನುವವೆಂದರೆ ಇಂದಿನ ಮಾನ್ವಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಶಕವರ್ಷ 1216, ಅಂದರೆ ಕ್ರಿ.ಶ. 1294. ಗೋನ ಗನ್ನಾರೆಡ್ಡಿಯನ್ನೇ ಕೆಲವು ಹಳೆಯ ಗ್ರಂಥಗಳು ಗೋರೆ ಗಂಗಯ್ಯರೆಡ್ಡಿ ಎಂದು ಬರೆದಿವೆ; ಇಬ್ಬರೂ ಒಬ್ಬನೇ.

ಇಲ್ಲಿ ಮಾರ್ಗದರ್ಶಿಗಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತನ್ನು ತಿದ್ದಿಕೊಳ್ಳಬೇಕು. ಕೋಟೆಯು ರಾಣಿ ರುದ್ರಮದೇವಿಯ ಆಳ್ವಿಕೆಯಲ್ಲಿ ನಿರ್ಮಾಣವಾಯಿತೆಂದು ಹೇಳುವುದುಂಟು. ಆದರೆ ನಲ್ಗೊಂಡ ಸೀಮೆಯ ಚಂದುಪಟ್ಲದಲ್ಲಿ ದೊರೆತ 1289ರ ಶಾಸನವು ಆಕೆ ಆ ವೇಳೆಗೆ ಶಿವಸಾಯುಜ್ಯವನ್ನು ಹೊಂದಿದ್ದಳೆಂಬುದನ್ನು ಸೂಚಿಸುತ್ತದೆ. 1294ರಲ್ಲಿ ಓರುಗಲ್ಲನ್ನು ಆಳುತ್ತಿದ್ದವನು ಆಕೆಯ ಮೊಮ್ಮಗ ಪ್ರತಾಪರುದ್ರ. ಕಲ್ಲು ಹೇಳುವ ಮಾತಿಗೂ ಬಾಯಿ ಹೇಳುವ ಮಾತಿಗೂ ಭೇದ ಬಂದಾಗ ಕಲ್ಲಿನ ಮಾತನ್ನು ಮೊದಲು ಕೇಳುವುದು ಇತಿಹಾಸದ ಧರ್ಮ.

ನಿಂತ ಗೋಡೆಯ ಮೇಲೆ ನಡೆಯುವ ಬಂಡಿ

ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಒಳಸುತ್ತಿನ ಗೋಡೆ ಕಾಕತೀಯರ ಕಾಲದ್ದು. ದೊಡ್ಡ ದೊಡ್ಡ ಕಲ್ಲುಗಳನ್ನು ಕೆತ್ತಿ, ನಯಗೊಳಿಸಿ, ಗಾರೆಯ ಸಹಾಯವಿಲ್ಲದೆ ಒಂದರ ಮೇಲೊಂದು ಕೂಡಿಸಿದ ಕಟ್ಟಡವಿದು. ಹೊರಸುತ್ತಿನ ಗೋಡೆಯು ಆ ಬಳಿಕ ಬಂದ ಸುಲ್ತಾನರ ಕಾಲದ್ದು. ಅಲ್ಲಿಯ ಕಲ್ಲುಗಳು ಇಷ್ಟು ನಯವಾಗಿಲ್ಲ. ಎರಡು ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡಿದ ಮಗುವಿಗೂ ಈ ಭೇದ ತಿಳಿಯುತ್ತದೆ. ಪುಸ್ತಕದ ಹತ್ತು ಪುಟಗಳು ಕಲಿಸಲಾರದ ಪಾಠವನ್ನು ಅಂಗೈ ಒಂದು ಕ್ಷಣದಲ್ಲಿ ಕಲಿಯುತ್ತದೆ.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಮಹಾಶಿಲೆಯಿದೆ. ಅದರ ಉದ್ದ 41 ಅಡಿ 8 ಅಂಗುಲ. ಇಂದಿನ ಅಳತೆಯಲ್ಲಿ ಹೆಚ್ಚುಕಡಿಮೆ 12.7 ಮೀಟರು. ವಿಠಲನು ಕೋಟೆ ಕಟ್ಟಿಸಿದ ಸಂಗತಿಯನ್ನು ತಿಳಿಸುವ ತೆಲುಗು ಶಾಸನವು ಈ ಶಿಲೆಯ ಮೇಲಿದೆ. ಅಷ್ಟು ಉದ್ದದ ಒಂದೇ ಕಲ್ಲನ್ನು ಬಂಡೆಯಿಂದ ಬಿಡಿಸುವುದೇ ಒಂದು ಸಾಹಸ. ಒಡೆಯದಂತೆ ಸಾಗಿಸಿ, ಗೋಡೆಯ ಎತ್ತರಕ್ಕೆ ಏರಿಸಿ ಕೂಡಿಸುವುದು ಇನ್ನೂ ದೊಡ್ಡ ಸಾಹಸ.

ಆ ಸಾಹಸವನ್ನು ಕಂಡವರು ಅದನ್ನು ಅಲ್ಲಿಯೇ ಚಿತ್ರಿಸಿ ಇಟ್ಟಿದ್ದಾರೆ. ಶಾಸನವಿರುವ ಗೋಡೆಯಲ್ಲಿಯೇ ರೇಖೆಗಳಲ್ಲಿ ಕೊರೆದ ದೃಶ್ಯವೊಂದಿದೆ. ಕಡ್ಡಿಗಳಿಲ್ಲದ, ಇಡಿಯಾದ ಗಾಲಿಗಳುಳ್ಳ ಬಂಡಿಯ ಮೇಲೆ ಆ ಉದ್ದನೆಯ ಕಲ್ಲು ಮಲಗಿದೆ. ಮುಂದೆ ಜೋಡಿ ಜೋಡಿಯಾಗಿ ಹೂಡಿದ ಕೋಣಗಳ ದೊಡ್ಡ ಸಾಲು. ಅವನ್ನು ಹುರಿದುಂಬಿಸಿ ಹೊಡೆಯುವ ಆಳುಗಳು ಪಕ್ಕದಲ್ಲಿ. ಹಿಂದೆ, ಗಾಲಿಗಳ ಬಳಿ, ಮೀಟುಗೋಲುಗಳನ್ನು ಕೊಟ್ಟು ಬಂಡಿಯನ್ನು ಮುಂದಕ್ಕೆ ಒತ್ತುವ ಜನ. ಎಲ್ಲರೂ ದುಡಿಯುತ್ತಿದ್ದಾರೆ.

ಕೋಟೆಯೆಂಬುದು ಸ್ಥಾವರಗಳಲ್ಲೆಲ್ಲ ಸ್ಥಾವರವಾದುದು. ಅಲುಗದಿರುವುದೇ ಅದರ ಧರ್ಮ. ಅಂತಹ ಅಲುಗದ ಗೋಡೆಯು ತನ್ನ ಮೈಮೇಲೆ ಒಂದು ಚಲನೆಯನ್ನು, ತಾನು ನಿಲ್ಲುವ ಮೊದಲಿನ ನಡೆಯನ್ನು, ನೆನಪಾಗಿ ಇಟ್ಟುಕೊಂಡಿದೆ. ಸ್ಥಾವರಕ್ಕೂ ಜಂಗಮಕ್ಕೂ ಇರುವ ಸಂಬಂಧವನ್ನು ಬಸವಣ್ಣನವರ ವಚನಗಳಲ್ಲಿ ಓದಿ ಬಲ್ಲವರಿಗೆ ಈ ಚಿತ್ರದ ಮುಂದೆ ಅರೆಗಳಿಗೆ ನಿಲ್ಲುವ ಮನಸ್ಸಾಗದೆ ಇರದು. ನಿಂತಿರುವುದೆಲ್ಲವೂ ಯಾರದೋ ನಡೆಯಿಂದ, ಯಾರದೋ ಬೆವರಿನಿಂದ ನಿಂತಿದೆ.

ಹೆಸರುಳ್ಳವರು, ಹೆಸರಿಲ್ಲದವರು

ಶಾಸನದಲ್ಲಿ ಒಡೆಯನ ಹೆಸರಿದೆ, ಸೇನಾನಿಯ ಹೆಸರಿದೆ. ಬಂಡಿಯನ್ನೆಳೆದವರು ಮಾತ್ರ ಚಿತ್ರವಾಗಿ ಉಳಿದಿದ್ದಾರೆ. ಇದು ಲೋಕದ ಶಾಸನಗಳ ಸಾಮಾನ್ಯ ರೀತಿ. ಇದೇ ಸೀಮೆಯ ಮಸ್ಕಿಯನ್ನು ನೆನೆಯಬಹುದು. 1915ರಲ್ಲಿ ಚಿನ್ನದ ಗಣಿಗಳ ಶೋಧದಲ್ಲಿ ತೊಡಗಿದ್ದ ಬೀಡನ್ ಎಂಬ ಇಂಜಿನಿಯರರ ಕಣ್ಣಿಗೆ ಅಲ್ಲಿಯ ಬಂಡೆಯ ಬ್ರಾಹ್ಮೀ ಶಾಸನ ಬಿದ್ದಿತು. ಅಲ್ಲಿಯವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು; ಅಶೋಕನೆಂಬ ಹೆಸರು ಮೊದಲಿಗೆ ಕಾಣಿಸಿದ್ದು ಮಸ್ಕಿಯ ಆ ಬಂಡೆಯ ಮೇಲೆ. ಒಬ್ಬ ಚಕ್ರವರ್ತಿಯ ಹೆಸರಿಗಾಗಿ ಜಗತ್ತಿನ ವಿದ್ವಾಂಸರು ಈ ಸೀಮೆಯ ಕಡೆಗೆ ತಿರುಗಿ ನೋಡಿದರು. ಅದು ಯೋಗ್ಯವೇ. ಆದರೆ ರಾಯಚೂರಿನ ಗೋಡೆಯ ಮೇಲೆ ಹೆಸರಿಲ್ಲದ ಜನರು ನಿಂತಿದ್ದಾರೆ. ಅವರ ಕಡೆಗೂ ತಿರುಗಿ ನೋಡುವವರು ಬೇಕು.

ಈ ಕೋಟೆ ಏಳುವುದಕ್ಕೆ ಸುಮಾರು 125 ವರ್ಷಗಳ ಹಿಂದೆ ಕಲ್ಯಾಣದಲ್ಲಿ ಬೇರೊಂದು ರೀತಿ ಕಾಣಿಸಿಕೊಂಡಿತ್ತು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಿದೇವ: ಈ ಹೆಸರುಗಳಲ್ಲಿ ದುಡಿಮೆಯೇ ಮುಂದೆ ನಿಂತಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇದೇ ಸೀಮೆಯ ಲಿಂಗಸುಗೂರು ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುತ್ತದೆ. ಬಿದ್ದ ಅಕ್ಕಿಯನ್ನು ಆಯುವ ಕೈಗೂ ಹೆಸರುಂಟು, ಮಾತುಂಟು, ಮಾನ್ಯತೆಯುಂಟು ಎಂಬುದು ಆ ಕಾಲದ ದೊಡ್ಡ ಸಂಗತಿ.

ಹಾಗೆಂದು ಕೋಟೆಯ ಕಲ್ಲನ್ನೆಳೆದ ದುಡಿಮೆಯನ್ನೂ ಕಾಯಕವೆಂದು ಕರೆದು ಮುಗಿಸಿಬಿಡುವುದು ವಿವೇಕವಲ್ಲ. ಕಾಯಕವೆಂದರೆ ಮೈಮುರಿದು ದುಡಿಯುವುದಷ್ಟೇ ಅಲ್ಲ. ಅದನ್ನು ಮಾಡುವವನು ತಾನೇ ಆರಿಸಿಕೊಂಡದ್ದು, ಶುದ್ಧವಾದದ್ದು, ಅದರ ಫಲ ದಾಸೋಹವಾಗಿ ಸಮಾಜಕ್ಕೆ ಸಲ್ಲುವಂಥದ್ದು. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಕಥೆಯ ಸಾರವಿದು. ಅರಸನ ಆಜ್ಞೆಗೆ ತಲೆಬಾಗಿ, ಸೇನಾನಿಯ ಗೆಲುವನ್ನು ಗಟ್ಟಿಮಾಡಲು ಎಳೆದ ಬಂಡಿಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದಾಗ ಎರಡರ ಅಂತರ ತಿಳಿಯುತ್ತದೆ. ಚಿತ್ರದ ಆಳುಗಳನ್ನು ಗೌರವಿಸಬೇಕಾದುದು ಅವರ ದುಡಿಮೆಗೆ ದೊಡ್ಡ ಹೆಸರು ಕೊಟ್ಟು ಅಲ್ಲ. ಅವರ ದುಡಿಮೆಯ ಭಾರವನ್ನು ಇದ್ದಂತೆಯೇ ಕಂಡು.

ಕಲ್ಲಿಗೆ ಬೆಲೆ ಕಟ್ಟಿದ ದಿನಗಳು

1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದನು. ಆ ಯುದ್ಧದ ವಿವರಗಳನ್ನು ಕೆಲವು ವರ್ಷಗಳ ಬಳಿಕ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟನು; ರಾಬರ್ಟ್ ಸಿವೆಲ್ಲರು 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಮಾರ್ಗದರ್ಶಿಗಳು ಇದರಿಂದ ಎತ್ತಿ ಹೇಳುವುದು ಪೋರ್ಚುಗೀಸ್ ಬಂದೂಕುಗಾರರ ಕಥೆಯನ್ನು. ಕ್ರಿಸ್ತೋವಾವ್ ದ ಫಿಗೆರೆದೋ ಎಂಬವನ ಗುರಿಕಾರರು ಗೋಡೆಯ ಮೇಲಿನ ಕಾವಲಿನವರನ್ನು ತಲೆಯೆತ್ತದಂತೆ ಮಾಡಿದರು, ಕೋಟೆಯ ಅಧಿಕಾರಿ ಇಣುಕಿ ನೋಡಲು ಹೋಗಿ ಹಣೆಗೆ ಗುಂಡು ತಗುಲಿ ಮಡಿದನು, ಕೋಟೆ ಶರಣಾಯಿತು.

ಅದೇ ಬರಹದಲ್ಲಿ ಹೆಚ್ಚಾಗಿ ಯಾರೂ ಹೇಳದ ಇನ್ನೊಂದು ಸಂಗತಿಯಿದೆ. ಮುತ್ತಿಗೆಯು ಸುಲಭವಾಗಿ ಕೈಗೂಡದಿದ್ದಾಗ ಸೇನಾನಾಯಕರು ಒಂದು ಉಪಾಯ ಹೂಡಿದರು. ಗೋಡೆಯಿಂದಲೂ ಕೊತ್ತಳಗಳಿಂದಲೂ ಕಿತ್ತು ತಂದ ಕಲ್ಲುಗಳನ್ನು ಸೈನಿಕರಿಂದ ಅವರು ಹಣ ಕೊಟ್ಟು ಕೊಂಡರು. ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಪಣಗಳವರೆಗೆ ಬೆಲೆ. ಮೇಲಿನಿಂದ ಬಾಣ, ಗುಂಡುಗಳು ಸುರಿಯುತ್ತಿರುವಾಗ ಕಲ್ಲೊಂದನ್ನು ಮೀಟಿ ತರುವುದು ಪ್ರಾಣವನ್ನು ಒತ್ತೆಯಿಟ್ಟ ಕೆಲಸ. 1294ರಲ್ಲಿ ಕಲ್ಲನ್ನು ಏರಿಸಲು ಮೀಟುಗೋಲು ಹಿಡಿದವರು ಸಾಮಾನ್ಯರು. 1520ರಲ್ಲಿ ಕಲ್ಲನ್ನು ಕೆಡವಲು ಹಾರೆ ಹಿಡಿದವರೂ ಸಾಮಾನ್ಯರೇ. ಗೆಲುವು ಮಾತ್ರ ಎರಡು ಸಲವೂ ಬೇರೆಯವರ ಹೆಸರಿಗೆ ಬರೆಯಲ್ಪಟ್ಟಿತು.

ಆ ಗೆಲುವೂ ಬಹುಕಾಲ ನಿಲ್ಲಲಿಲ್ಲ. ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡ ಮೇಲೆ ರಾಯಚೂರು ಮರಳಿ ಬಿಜಾಪುರದ ವಶವಾಯಿತು. ಆದಿಲಶಾಹಿಗಳ ಬಳಿಕ ಮೊಗಲರು, ಅವರ ಬಳಿಕ ಹೈದರಾಬಾದಿನ ನಿಜಾಮರು. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡನ್ನು ಸೇರಿತು. ಒಡೆಯರು ಬದಲಾಗುತ್ತ ಹೋದರು. ವಿಠಲನ ಕಾಲದ ಗೋಡೆ, ಅದರ ಮೇಲಿನ ಕೋಣಗಳ ಬಂಡಿ ಹಾಗೆಯೇ ಉಳಿದವು.

ದರ್ಶನದ ಕ್ರಮ

ಇವೆಲ್ಲವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವರು ದಿನವನ್ನು ಮಹಾಶಿಲೆಯಿಂದಲೇ ಆರಂಭಿಸುವುದು ಲೇಸು. ರೇಖಾಚಿತ್ರವು ಆಳವಾದ ಕೆತ್ತನೆಯಲ್ಲ. ಓರೆಬಿಸಿಲು ಬಿದ್ದಾಗ ಚೆನ್ನಾಗಿ ಕಾಣುತ್ತದೆ, ನೆತ್ತಿಯ ಬಿಸಿಲಿನಲ್ಲಿ ಕಲ್ಲಿನೊಡನೆ ಬೆರೆತು ಹೋಗುತ್ತದೆ. ಮಕ್ಕಳಿಗೆ ಮೊದಲು ಕೋಣಗಳ ಜೋಡಿಗಳನ್ನು ಎಣಿಸಲು ಹೇಳಬೇಕು, ಆಮೇಲೆ ಆಳುಗಳನ್ನು. ಎಣಿಸಿದ ಮಗು ಮರೆಯುವುದಿಲ್ಲ.

ಬಳಿಕ ಒಳಕೋಟೆಯ ಪೂರ್ವಕ್ಕಿರುವ ಸಿಕಂದರಿ ದರ್ವಾಜಾ, ಪಶ್ಚಿಮದ ಸೈಲಾನಿ ದರ್ವಾಜಾ. ಹೊರಸುತ್ತಿನಲ್ಲಿ ಉತ್ತರಕ್ಕೆ ನವರಂಗಿ, ಪಶ್ಚಿಮಕ್ಕೆ ಮೆಕ್ಕಾ, ಪೂರ್ವಕ್ಕೆ ಕಾಟಿ, ದಕ್ಷಿಣಕ್ಕೆ ಖಂದಕ್, ನೈರುತ್ಯಕ್ಕೆ ದೊಡ್ಡಿ ದರ್ವಾಜಾಗಳು. ಇವುಗಳಲ್ಲಿ ಶಿಲ್ಪಗಳಿಂದ ಕೂಡಿದ ನವರಂಗಿ ದರ್ವಾಜಾದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಬಹಮನಿ ಮಹಮೂದಶಾಹನ ಕಾಲದಲ್ಲಿ, 1513ರ ಸುಮಾರಿಗೆ ನಿರ್ಮಾಣವಾದ ಏಕ ಮಿನಾರ್ ಮಸೀದಿಯನ್ನೂ ಕಾಣಬೇಕು. ಅದರ ಒಂಟಿ ಮಿನಾರು 65 ಅಡಿ ಎತ್ತರವಿದ್ದು ಮೇಲೇರಿದಂತೆ ತೆಳುವಾಗುತ್ತದೆ. ಬೆಟ್ಟದ ಮೇಲಿನ ಬಾಲಾಹಿಸಾರನ್ನು ಬಿಸಿಲು ತಗ್ಗಿದ ಮೇಲೆ ಹತ್ತುವುದು ಒಳ್ಳೆಯದು. ರಾಯಚೂರಿನ ಬಿಸಿಲು ವೃದ್ಧರಿಗೂ ಮಕ್ಕಳಿಗೂ ಕನಿಕರ ತೋರುವುದಿಲ್ಲ. ಮೇಲಿನಿಂದ ನೋಡಿದರೆ ನಗರವೂ ಮಾವಿನಕೆರೆಯೂ ಕೋಟೆಯ ಸುತ್ತುಗಳೂ ಒಮ್ಮೆಗೆ ಕಾಣುತ್ತವೆ. ಆ ಕಲ್ಲು ಎಂತಹ ಬೆಟ್ಟಗುಡ್ಡಗಳ ನಡುವೆ ಎಳೆಯಲ್ಪಟ್ಟಿತೆಂಬುದು ಆಗ ಮನಸ್ಸಿಗೆ ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ಅಕ್ಷರ ಕಾಣಲೆಂದು ಶಾಸನಕ್ಕೆ ಸುಣ್ಣ, ಹಿಟ್ಟು, ಎಣ್ಣೆ ಬಳಿಯಬಾರದು. ಅದಕ್ಕಿಂತ ದೊಡ್ಡ ಅಪಚಾರ ಹೆಸರು ಗೀಚುವುದು. ಹಳೆಯ ಸ್ಮಾರಕಗಳ ಮೇಲೆಲ್ಲ ಮೊಳೆಯಿಂದ, ಇದ್ದಿಲಿನಿಂದ, ಬಣ್ಣದಿಂದ ತಮ್ಮ ಹೆಸರು ಬರೆದು ಹೋಗುವವರಿದ್ದಾರೆ. 41 ಅಡಿಯ ಕಲ್ಲನ್ನು ಎಳೆದು ತಂದು ನಿಲ್ಲಿಸಿದವರು ತಮ್ಮ ಹೆಸರಿನ ಒಂದು ಅಕ್ಷರವನ್ನೂ ಅಲ್ಲಿ ಬರೆದುಕೊಳ್ಳಲಿಲ್ಲ. ಒಂದು ಕಲ್ಲನ್ನೂ ಎತ್ತದವರು ಆ ಗೋಡೆಯ ಮೇಲೆ ಹೆಸರು ಬರೆಯುವುದು ಯಾವ ನ್ಯಾಯ?

ಸಂಜೆ ಊರಿಗೆ ಮರಳುವ ಮಕ್ಕಳನ್ನು ಮನೆಯವರು ಏನು ನೋಡಿದಿರೆಂದು ಕೇಳುತ್ತಾರೆ. ಕೋಟೆ ನೋಡಿದೆವು ಎಂಬುದು ಒಂದು ಉತ್ತರ. ಕೋಟೆ ಕಟ್ಟಿದವರನ್ನು ನೋಡಿದೆವು ಎಂದು ಒಂದು ಮಗುವಾದರೂ ಹೇಳಿದರೆ ಆ ದಿನದ ಪ್ರವಾಸ ಸಾರ್ಥಕ.