ಗಡಿ ದಾಟಿದರೆ ಹೆಸರು ಬದಲಾಗುವ ಗುಳಿಗೆ

1980ರ ದಶಕದಲ್ಲಿ ಇಂಗ್ಲಿಷ್ ಕಲಿಸಲೆಂದೋ, ಬ್ಯಾಂಕಿನ ನೌಕರಿಗೆಂದೋ, ಗಂಡನ ವರ್ಗಾವಣೆಯ ನಿಮಿತ್ತವೋ ಟೋಕಿಯೋಗೆ ಬಂದಿಳಿದ ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಹೆಂಗಸರಿಗೆ ಒಂದು ಆಶ್ಚರ್ಯ ಕಾದಿರುತ್ತಿತ್ತು. ಬುಲೆಟ್ ರೈಲು ಓಡಿಸುವ, ಜಗತ್ತಿಗೆಲ್ಲ ಟಿ.ವಿ. ಮತ್ತು ಕಾರು ಮಾರುವ ಆ ದೇಶದಲ್ಲಿ, ತಮ್ಮೂರಿನಲ್ಲಿ ದಿನವೂ ಹಲ್ಲುಜ್ಜಿದಷ್ಟೇ ಸಹಜವಾಗಿ ನುಂಗುತ್ತಿದ್ದ ಗರ್ಭನಿರೋಧಕ ಗುಳಿಗೆಗೆ ಮಾನ್ಯತೆಯೇ ಇರಲಿಲ್ಲ. ಔಷಧಿ ಅಂಗಡಿಯಲ್ಲಿ ಕಾಂಡೋಮಿಗೆ ಬರವಿರಲಿಲ್ಲ. ಗರ್ಭಪಾತ ಮಾಡುವ ಆಸ್ಪತ್ರೆಗಳೂ ಸಾಕಷ್ಟಿದ್ದವು. ಗುಳಿಗೆ ಮಾತ್ರ ಇಲ್ಲ.

ಹಾಗಾದಾಗ ಇದ್ದ ದಾರಿಗಳು ಕೆಲವೇ. ಊರಿನಿಂದ ಬರುವಾಗಲೇ ಪೆಟ್ಟಿಗೆಯಲ್ಲಿ ತರಬೇಕು. ಅದು ಮುಗಿದರೆ ಅಂಚೆಯಲ್ಲಿ ತರಿಸಿಕೊಳ್ಳಬೇಕು. ಎರಡೂ ಆಗದಿದ್ದರೆ ಜಪಾನಿನ ಸ್ತ್ರೀರೋಗ ತಜ್ಞರ ಬಳಿಗೆ ಹೋಗಿ 'ಮುಟ್ಟಿನ ಏರುಪೇರು' ಎಂಬ ಕಾಯಿಲೆಗೆ ಔಷಧಿ ಬರೆಸಿಕೊಳ್ಳಬೇಕು. ಈ ಕೊನೆಯ ದಾರಿಯಲ್ಲಿ ಸಿಗುತ್ತಿದ್ದುದು ಗುಳಿಗೆಯೇ. ಆದರೆ ಹೆಸರು ಬೇರೆ, ಪ್ರಮಾಣವೂ ಬೇರೆ. ಆ ಹೆಂಗಸರ ದೇಶಗಳಲ್ಲಿ ಆಗಲೇ ಹಿಂದೆ ಬಿದ್ದಿದ್ದ, ಈಸ್ಟ್ರೋಜೆನ್ ಅಂಶ ಹೆಚ್ಚಿದ್ದ ಹಳೆಯ ಬಗೆ ಅದು.

ಗುಳಿಗೆ ಸಿಗುವುದು ಒಂದು ವಾರ ತಡವಾದರೆ ಏನಾಯಿತು ಎಂದು ಕೇಳುವವರಿದ್ದಾರೆ. ತಲೆನೋವಿನ ಮಾತ್ರೆಯಂತೆ ಬೇಕಾದಾಗ ನುಂಗಿ ಬೇಡವಾದಾಗ ಬಿಡುವ ವಸ್ತು ಇದಲ್ಲ. ಸಾಮಾನ್ಯ ಬಗೆಯಲ್ಲಿ 21 ದಿನ ತಪ್ಪದೆ ನುಂಗಿ, 7 ದಿನ ಬಿಟ್ಟು, ಎಂಟನೆಯ ದಿನ ಹೊಸ ಪಟ್ಟಿ ಒಡೆಯಬೇಕು. ಆ ಏಳು ದಿನದ ಬಿಡುವು ಹತ್ತು ದಿನವಾದರೆ ಅಂಡಾಶಯ ಎಚ್ಚೆತ್ತುಕೊಳ್ಳಬಹುದು, ರಕ್ಷಣೆ ಹೋಗುತ್ತದೆ. ಅಂಚೆಯಣ್ಣನ ದಾರಿ ಕಾಯುತ್ತ ಕುಳಿತ ಪರದೇಶಿ ಹೆಂಗಸಿಗೆ ಕ್ಯಾಲೆಂಡರಿನ ಒಂದೊಂದು ಚೌಕವೂ ಲೆಕ್ಕವೇ.

ಈ ಗುಳಿಗೆಯನ್ನು ಜಗತ್ತು ಮೊದಲು ಕೇಳಿಸಿಕೊಂಡ ಊರುಗಳಲ್ಲಿ ಟೋಕಿಯೋ ಕೂಡ ಒಂದು ಎಂಬುದು ಈ ಕಥೆಯ ವಿಚಿತ್ರ. 1955ರ ಅಕ್ಟೋಬರಿನಲ್ಲಿ ಅಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಸಮ್ಮೇಳನ ನಡೆಯಿತು. ಅಮೆರಿಕದ ಜೀವವಿಜ್ಞಾನಿ ಗ್ರೆಗರಿ ಪಿಂಕಸ್, ಹಾರ್ಮೋನನ್ನು ಬಾಯಿಯ ಮೂಲಕ ಕೊಟ್ಟು ಅಂಡೋತ್ಪತ್ತಿ ತಡೆಯಬಹುದೆಂದು ಸಾರ್ವಜನಿಕವಾಗಿ ಹೇಳಿದ್ದು ಆ ಸಭೆಯಲ್ಲಿ. ಅವರ ಸಂಗಡಿಗ ವೈದ್ಯ ಜಾನ್ ರಾಕ್ ಅವರಿಗೆ ಅಷ್ಟು ಬೇಗ ಡಂಗುರ ಹೊಡೆಯುವುದು ಇಷ್ಟವಿರಲಿಲ್ಲ, ಅವರು ಬರಲಿಲ್ಲ. ಸಭೆಯಲ್ಲಿದ್ದವರೂ ಅಂದು ಹೆಚ್ಚೇನೂ ಪುಳಕಗೊಳ್ಳಲಿಲ್ಲ. ಐದು ವರ್ಷಗಳ ಬಳಿಕ, 1960ರಲ್ಲಿ, ಸರ್ಲ್ ಕಂಪನಿಯ 'ಎನೋವಿಡ್' ಗರ್ಭನಿರೋಧಕವೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸುದ್ದಿ ಮೊದಲು ಕೇಳಿದ ಜಪಾನು ಇನ್ನೂ 39 ವರ್ಷ ಕಾಯಿತು.

ಮುಟ್ಟಿನ ತೊಂದರೆಯ ನೆಪ ಜಪಾನೀಯರು ಹುಡುಕಿದ್ದೇನೂ ಅಲ್ಲ. ಅಮೆರಿಕದಲ್ಲೇ ಎನೋವಿಡ್ 1957ರಲ್ಲಿ ಮೊದಲು ಹೊರಬಂದದ್ದು ಋತುಸ್ರಾವದ ದೋಷಗಳ ಔಷಧಿಯಾಗಿ. ಇದನ್ನು ನುಂಗಿದರೆ ಅಂಡೋತ್ಪತ್ತಿ ನಿಲ್ಲುತ್ತದೆ ಎಂಬ ಎಚ್ಚರಿಕೆ ಅದರ ಜೊತೆಯಲ್ಲೇ ಇತ್ತು. ಎಚ್ಚರಿಕೆಯನ್ನೇ ಜಾಹೀರಾತೆಂದು ಓದಿಕೊಂಡ ಹೆಂಗಸರು ಎಷ್ಟೋ ಮಂದಿ. 1959ರ ಹೊತ್ತಿಗೆ ಸುಮಾರು ಐದು ಲಕ್ಷ ಅಮೆರಿಕನ್ ಮಹಿಳೆಯರಿಗೆ ಇದ್ದಕ್ಕಿದ್ದಂತೆ ಮುಟ್ಟಿನ ದೋಷ ಕಾಣಿಸಿಕೊಂಡಿತ್ತು! ಪಶ್ಚಿಮ ಜರ್ಮನಿಯಲ್ಲಿ 1961ರಲ್ಲಿ ಷೆರಿಂಗ್ ಕಂಪನಿ 'ಅನೋವ್ಲಾರ್' ಬಿಡುಗಡೆ ಮಾಡಿದಾಗಲೂ ಇದೇ ಮುಖವಾಡ. ಕ್ಯಾಥೊಲಿಕ್ ಐರ್ಲೆಂಡಿನಲ್ಲಿ ಗರ್ಭನಿರೋಧಕಗಳ ಮಾರಾಟವನ್ನೂ ಆಮದನ್ನೂ 1935ರ ಕಾನೂನು ನಿಷೇಧಿಸಿತ್ತು. ಅಲ್ಲಿ ಗುಳಿಗೆ ಒಳಬಂದದ್ದು 'ಋತುಚಕ್ರ ನಿಯಂತ್ರಕ' ಎಂಬ ಹೆಸರಿನಲ್ಲಿ. 1971ರ ಮೇ 22ರಂದು ಡಬ್ಲಿನ್ನಿನ ಹೆಂಗಸರ ಗುಂಪೊಂದು ರೈಲು ಹತ್ತಿ ಬೆಲ್‌ಫಾಸ್ಟಿಗೆ ಹೋಗಿ ಗರ್ಭನಿರೋಧಕಗಳನ್ನು ಕೊಂಡು, ಹಿಂದಿರುಗುವಾಗ ಸುಂಕದವರ ಎದುರಿಗೇ ಎತ್ತಿ ತೋರಿಸಿದರು. ಗುಳಿಗೆ ಕೊಳ್ಳಲು ಅವರ ಬಳಿ ವೈದ್ಯರ ಚೀಟಿ ಇರಲಿಲ್ಲ. ಆಸ್ಪಿರಿನ್ ಕೊಂಡು ಅದನ್ನೇ ಗುಳಿಗೆಯೆಂದು ತೋರಿಸಿದರು. ಸುಂಕದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಬೇರೆ ದೇಶಗಳಲ್ಲಿ ಈ ನೆಪ ಬೇಗನೆಯೋ ತಡವಾಗಿಯೋ ಕಳಚಿತು. ಜಪಾನಿನಲ್ಲಿ ಅದೇ ವ್ಯವಸ್ಥೆಯಾಗಿ ನಿಂತುಬಿಟ್ಟಿತು. ಅದು ಯಾಕೆ ಹಾಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಸಂತಾನ ನಿಯಂತ್ರಣ ಚಳವಳಿಯ ಮಾರ್ಗರೆಟ್ ಸ್ಯಾಂಗರ್ 1922ರಲ್ಲಿ ಜಪಾನಿಗೆ ಹೊರಟಾಗ ಅಲ್ಲಿನ ಸರಕಾರ ಮೊದಲು ವೀಸಾ ಕೊಡಲಿಲ್ಲ. ಹಟ ಬಿಡದೆ ಹಡಗು ಹತ್ತಿದ ಆಕೆಯನ್ನು ಕೊನೆಗೆ ಒಂದು ಷರತ್ತಿನ ಮೇಲೆ ಒಳಗೆ ಬಿಟ್ಟರು: ಸಂತಾನ ನಿಯಂತ್ರಣದ ಬಗ್ಗೆ ಬಹಿರಂಗ ಭಾಷಣ ಮಾಡಕೂಡದು. ಇದಾದ ಎಂಟು ವರ್ಷಕ್ಕೆ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಸರಕಾರ ತಾನೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು ಎಂಬುದನ್ನು ಇಲ್ಲಿ ನೆನೆಯಬಹುದು. ಟೋಕಿಯೋದಲ್ಲಿ ಸ್ಯಾಂಗರ್ ಅವರಿಗೆ ಆತಿಥ್ಯ ನೀಡಿದವರು ಸಮುರಾಯ್ ಮನೆತನದಲ್ಲಿ ಹುಟ್ಟಿದ ತರುಣಿ ಷಿಝುಎ ಇಷಿಮೊಟೊ. ಮುಂದೆ ಮರುಮದುವೆಯಾಗಿ ಷಿಝುಎ ಕಟೋ ಎಂದು ಹೆಸರಾದ ಈಕೆಯನ್ನು 1937ರಲ್ಲಿ ಯುದ್ಧೋನ್ಮಾದದ ಸರಕಾರ ಬಂಧಿಸಿತು. 1946ರಲ್ಲಿ ಜಪಾನಿನ ಸಂಸತ್ತಿಗೆ ಮೊದಲ ಬಾರಿಗೆ ಆರಿಸಿಬಂದ ಮಹಿಳೆಯರಲ್ಲಿ ಆಕೆಯೂ ಒಬ್ಬರು. ಅಷ್ಟರಲ್ಲಿ ದೇಶ ಅಮೆರಿಕನ್ ಸೇನೆಯ ಆಡಳಿತದಲ್ಲಿತ್ತು. ಸ್ಯಾಂಗರ್ ಮತ್ತೆ ಬರಲು ಹೊರಟಾಗ ಅವರನ್ನು ತಡೆದದ್ದು ಈ ಸಲ ಜಪಾನೀಯರಲ್ಲ, ಅವರದೇ ದೇಶದ ಜನರಲ್ ಮ್ಯಾಕ್‌ಆರ್ಥರ್.

ಯುದ್ಧದಲ್ಲಿ ಸೋತು, ಹಸಿದು, ಹೊರನಾಡಿನಿಂದ ಹಿಂದಿರುಗಿದ ಲಕ್ಷಾಂತರ ಜನರಿಗೆ ನೆಲೆ ಕಾಣಿಸಬೇಕಾದ ಜಪಾನು 1948ರಲ್ಲಿ ಸುಸಂತಾನ ಸಂರಕ್ಷಣೆಯ ಕಾನೂನು ಮಾಡಿತು. ಮರುವರ್ಷದ ತಿದ್ದುಪಡಿಯಿಂದ ಆರ್ಥಿಕ ಕಾರಣಕ್ಕೂ ಗರ್ಭಪಾತ ಮಾಡಿಸಿಕೊಳ್ಳಬಹುದೆಂದಾಯಿತು. 1955ರಲ್ಲಿ, ಪಿಂಕಸ್ ಟೋಕಿಯೋದಲ್ಲಿ ಮಾತನಾಡಿದ ಅದೇ ವರ್ಷ, ದಾಖಲಾದ ಗರ್ಭಪಾತಗಳು 11 ಲಕ್ಷ 70 ಸಾವಿರ. ಬಸಿರು ಕಟ್ಟದಂತೆ ನೋಡಿಕೊಳ್ಳುವ ವಿಧಾನ ಬರುವ ಮುನ್ನವೇ ಬಸಿರು ಇಳಿಸುವ ವ್ಯವಸ್ಥೆ ದೇಶದ ತುಂಬ ಬೇರೂರಿತು. ಗರ್ಭಪಾತ ಮಾಡಲು ಪರವಾನಗಿ ಪಡೆದ ವೈದ್ಯರಿಗೆ ಅದು ಆದಾಯ. ಕಾಂಡೋಮ್ ಹಂಚುವ ಕುಟುಂಬ ಯೋಜನಾ ಸಂಘಗಳಿಗೂ ಸೂಲಗಿತ್ತಿಯರಿಗೂ ಅದೊಂದು ಜೀವನಮಾರ್ಗ. ಹೊಸ ಗುಳಿಗೆ ಬೇಕೆಂದು ಕೂಗುವ ತುರ್ತು ಇವರಲ್ಲಿ ಯಾರಿಗೂ ಇರಲಿಲ್ಲ.

1960ರ ದಶಕದಲ್ಲಿ ಕಂಪನಿಗಳು ಒಪ್ಪಿಗೆ ಕೇಳುವ ಹೊತ್ತಿಗೆ ಥಾಲಿಡೊಮೈಡ್ ದುರಂತ ನಡೆದುಹೋಗಿತ್ತು. ಕೈಕಾಲು ಬೆಳೆಯದ ಮಕ್ಕಳ ಚಿತ್ರಗಳನ್ನು ನೋಡಿದ್ದ ಜನರಿಗೆ, ಆರೋಗ್ಯವಂತ ಹೆಣ್ಣುಮಕ್ಕಳು ವರ್ಷಗಟ್ಟಲೆ ನುಂಗುವ ಹಾರ್ಮೋನಿನ ಬಗ್ಗೆ ಹೆದರಿಕೆ ಹುಟ್ಟಿದ್ದರಲ್ಲಿ ತಪ್ಪೇನೂ ಕಾಣದು. ಹೆದರಿಕೆಗೆ ಆಧಾರವೂ ಇತ್ತು. ಮೊದಲ ತಲೆಮಾರಿನ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಬೆಳಕಿಗೆ ಬಂದು, 1969ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 50 ಮೈಕ್ರೋಗ್ರಾಂಗಿಂತ ಹೆಚ್ಚು ಈಸ್ಟ್ರೋಜೆನ್ ಇರುವ ಗುಳಿಗೆ ಬೇಡವೆಂದಿತು. ಪಶ್ಚಿಮದ ಕಂಪನಿಗಳು ಪ್ರಮಾಣ ಇಳಿಸುತ್ತ 30, 35 ಮೈಕ್ರೋಗ್ರಾಂಗೆ ಬಂದವು. ಈ ಕಡಿಮೆ ಪ್ರಮಾಣದ ಗುಳಿಗೆಯನ್ನು ಗರ್ಭನಿರೋಧಕವೆಂದೇ ತಯಾರಿಸಿದ್ದರಿಂದ ಜಪಾನಿನಲ್ಲಿ ಅದಕ್ಕೆ ಪ್ರವೇಶವಿಲ್ಲ. ಮುಟ್ಟಿನ ಕಾಯಿಲೆಗೆಂದು ಒಪ್ಪಿಗೆ ಪಡೆದ ಹಳೆಯ ಭಾರಿ ಗುಳಿಗೆಗೆ ಪ್ರವೇಶ ಉಂಟು. ಅಪಾಯದ ಭಯದಿಂದ ಹಾಕಿದ ಬೇಲಿ ಕಡಿಮೆ ಅಪಾಯದ್ದನ್ನು ಹೊರಗಿಟ್ಟು ಹೆಚ್ಚು ಅಪಾಯದ್ದನ್ನು ಒಳಗೆ ಇಟ್ಟುಕೊಂಡಿತು. ಪರದೇಶದ ಹೆಂಗಸರು ಊರಿನ ಪಟ್ಟಿಯನ್ನೇ ತರಿಸಿಕೊಳ್ಳಲು ಪರದಾಡುತ್ತಿದ್ದುದು ಬರಿಯ ಅಭ್ಯಾಸಬಲದಿಂದಲ್ಲ ಎಂಬುದು ಇದರಿಂದ ತಿಳಿದೀತು.

ಜಪಾನಿನ ಹೆಂಗಸರು ಸುಮ್ಮನಿದ್ದರೆಂದಲ್ಲ. 1972ರಲ್ಲಿ ಮಿಸಾಕೊ ಎನೊಕಿ ಅವರ ನೇತೃತ್ವದಲ್ಲಿ 'ಚೂಪಿರೆನ್' ಎಂಬ ಸಂಘಟನೆ ಹುಟ್ಟಿತು. ಅದರ ಸದಸ್ಯೆಯರು ಗುಲಾಬಿ ಬಣ್ಣದ ಹೆಲ್ಮೆಟ್ ತೊಟ್ಟು ಗುಳಿಗೆ ಬೇಕೆಂದು ಬೀದಿಗಿಳಿದರು. ಪತ್ರಿಕೆಗಳಿಗೆ ಹೆಲ್ಮೆಟ್ಟಿನ ಚಿತ್ರ ಹಿಡಿಸಿತು, ಬೇಡಿಕೆ ಹಿಡಿಸಲಿಲ್ಲ. ಸ್ತ್ರೀವಾದಿಗಳಲ್ಲೇ ಅನೇಕರು ಅಡ್ಡಪರಿಣಾಮದ ಅಂಜಿಕೆಯಿಂದ ಗುಳಿಗೆಯನ್ನು ವಿರೋಧಿಸಿದರು. ಗಂಡಸಿನ ಹೊಣೆಯನ್ನು ಹೆಣ್ಣಿನ ಮೈಮೇಲೆ ಯಾಕೆ ಹೊರಿಸಬೇಕು ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ.

ಕಡಿಮೆ ಪ್ರಮಾಣದ ಗುಳಿಗೆಗೆ ಕಂಪನಿಗಳು 1990ರಲ್ಲಿ ಅರ್ಜಿ ಹಾಕಿದವು. ಅದೇ ವರ್ಷ, ಹಿಂದಿನ ವರ್ಷದ ಜನನ ಪ್ರಮಾಣ ಪ್ರತಿ ಮಹಿಳೆಗೆ 1.57ಕ್ಕೆ ಇಳಿದಿದೆಯೆಂಬ ಅಂಕಿ ಹೊರಬಿದ್ದು ಸರಕಾರ ಬೆಚ್ಚಿತು. 1992ರಲ್ಲಿ ಆರೋಗ್ಯ ಸಚಿವಾಲಯ, ಗುಳಿಗೆ ಬಂದರೆ ಕಾಂಡೋಮ್ ಬಳಕೆ ತಗ್ಗಿ ಏಡ್ಸ್ ಹರಡೀತೆಂದು ತೀರ್ಮಾನವನ್ನು ಮುಂದೂಡಿತು. ಆಮೇಲೆ, ಮೂತ್ರದ ಮೂಲಕ ಹಾರ್ಮೋನು ನದಿಗಳಿಗೆ ಸೇರೀತೆಂಬ ಆತಂಕವೂ ಬಂತು. ಹೀಗೆ ಒಂಬತ್ತು ವರ್ಷ ಉರುಳಿದವು. ಅಷ್ಟರಲ್ಲಿ ಗಂಡಸರ ನಿಮಿರುದೌರ್ಬಲ್ಯಕ್ಕೆ ವಯಾಗ್ರ ಬಂತು. ಅದರ ಅರ್ಜಿ 1998ರಲ್ಲಿ. ಒಪ್ಪಿಗೆ 1999ರ ಜನವರಿಯಲ್ಲಿ. ತೆಗೆದುಕೊಂಡ ಸಮಯ ಸುಮಾರು ಆರು ತಿಂಗಳು. ಈ ಲೆಕ್ಕ ಯಾರಿಗಾದರೂ ಅರ್ಥವಾಗುವಂಥದು. ಸಂಸತ್ತಿನ ಒಳಗೂ ಹೊರಗೂ ಹೆಂಗಸರು ಸಿಡಿದೆದ್ದರು. ಜೂನಿನಲ್ಲಿ ಗುಳಿಗೆಗೆ ಒಪ್ಪಿಗೆ ಸಿಕ್ಕಿ, ಸೆಪ್ಟೆಂಬರಿನಲ್ಲಿ ಮಾರಾಟ ಶುರುವಾಯಿತು. ಷಿಝುಎ ಕಟೋ ಅವರಿಗೆ ಆಗ 102 ವರ್ಷ.

ಒಪ್ಪಿಗೆಯಿಂದ ಪರದೇಶಿಯರ ಪಾಡು ಹಗುರಾಯಿತು, ತೀರಲಿಲ್ಲ. ಇಂದಿಗೂ ಜಪಾನಿಗೆ ಬರುವವರು ಚೀಟಿಯ ಔಷಧಿಯನ್ನು ಸ್ವಂತಕ್ಕೆಂದು ಒಂದು ತಿಂಗಳಿಗಾಗುವಷ್ಟು ಮಾತ್ರ ಸುಲಭವಾಗಿ ತರಬಹುದು. ಗುಳಿಗೆಯ ಲೆಕ್ಕದಲ್ಲಿ ಅದು ಒಂದು ಪಟ್ಟಿ. ಹೆಚ್ಚು ಬೇಕಿದ್ದರೆ ಮೊದಲೇ ಅರ್ಜಿ ಹಾಕಿ ಆಮದು ದೃಢೀಕರಣ ಪತ್ರ ಪಡೆಯಬೇಕು. ಊರಿನಿಂದ ಹೊರಟ ಗೆಳತಿಯ ಕೈಯಲ್ಲಿ ತರಿಸಿಕೊಳ್ಳುವ ನಮ್ಮ ಪದ್ಧತಿ ಅಲ್ಲಿ ನಡೆಯದು. ತಂದವಳ ಸ್ವಂತ ಬಳಕೆಗೆ ಮಾತ್ರ ಅನುಮತಿ. ಹಾಗಾಗಿ ಅಲ್ಲಿ ನೆಲೆಸುವವರು ಬೇಗನೆ ಅಲ್ಲಿನ ವೈದ್ಯರನ್ನೇ ಕಾಣುವುದು ಮೇಲು.

ಅಲ್ಲಿ ಮತ್ತೆ ಎದುರಾಗುವುದು ಹಳೆಯ ಎರಡು ಹೆಸರುಗಳ ಆಟ. ಬಸಿರು ತಡೆಯುವುದು ಕಾಯಿಲೆಯ ಚಿಕಿತ್ಸೆಯಲ್ಲವೆಂದು ಜಪಾನಿನ ಆರೋಗ್ಯ ವಿಮೆ ಗರ್ಭನಿರೋಧಕ ಗುಳಿಗೆಯ ಖರ್ಚನ್ನು ಭರಿಸುವುದಿಲ್ಲ. ಆದರೆ 2008ರಿಂದ ಅದೇ ಜಾತಿಯ ಹಾರ್ಮೋನ್ ಗುಳಿಗೆಗಳು ಮುಟ್ಟಿನ ನೋವಿನ ಔಷಧಿಯಾಗಿ ವಿಮೆಯೊಳಗೆ ಬಂದಿವೆ. ಹಲವು ದೇಶಗಳಲ್ಲಿ ಗರ್ಭನಿರೋಧಕವೆಂದು ಮಾರುವ 'ಯಾಝ್' ಜಪಾನಿನಲ್ಲಿ ಒಪ್ಪಿಗೆ ಪಡೆದಿರುವುದು ಮುಟ್ಟಿನ ನೋವಿಗೆ. ಒಂದೇ ಪಟ್ಟಿಯನ್ನು ತೋರಿಸಿ 'ಇದು ಬೇಕು' ಎನ್ನುವ ಹೆಂಗಸಿಗೆ ವೈದ್ಯರು ಮೊದಲು ಕೇಳುವ ಪ್ರಶ್ನೆ, ನೋವು ಇದೆಯೇ ಎಂದು. ತುರ್ತು ಗುಳಿಗೆಯದೂ ನಿಧಾನದ ನಡಿಗೆಯೇ: 2011ರಲ್ಲಿ ಚೀಟಿಯ ಮೇಲೆ ಒಪ್ಪಿಗೆ, 2023ರಲ್ಲಿ ಕೆಲವು ಅಂಗಡಿಗಳಲ್ಲಿ ಪ್ರಯೋಗ, 2025ರಲ್ಲಿ ಚೀಟಿಯಿಲ್ಲದೆ ಮಾರಲು ಅನುಮತಿ. ಅದನ್ನೂ ಔಷಧಿ ತಜ್ಞರ ಎದುರಿಗೇ ನುಂಗಬೇಕು.

ಬೆಂಗಳೂರಿನಿಂದ ಹೋಗುವವರಿಗೆ ತೊಡಕು ಇನ್ನೊಂದು ಬಗೆಯದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ 'ಸಹೇಲಿ' ಗುಳಿಗೆಯಲ್ಲಿ ಈಸ್ಟ್ರೋಜೆನ್ ಇಲ್ಲ, ಪ್ರೊಜೆಸ್ಟಿನ್ ಕೂಡ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. 1990ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಇದು 2016ರಿಂದ ಸರಕಾರದ ಕುಟುಂಬ ಯೋಜನೆಯಲ್ಲಿ 'ಛಾಯಾ' ಎಂಬ ಹೆಸರಿನಿಂದ ಉಚಿತವಾಗಿ ಸಿಗುತ್ತಿದೆ. ಭಾರತದ ಹೊರಗೆ ಇದನ್ನು ಬಲ್ಲವರು ಅಪರೂಪ. ಇದನ್ನು ಒಗ್ಗಿಸಿಕೊಂಡ ಹೆಂಗಸು ಟೋಕಿಯೋದ ವೈದ್ಯರಿಗೆ ಬ್ರಾಂಡಿನ ಹೆಸರು ಹೇಳಿ ಪ್ರಯೋಜನವಿಲ್ಲ. ಒಳಗಿನ ಔಷಧಿಯ ಹೆಸರು ಓರ್ಮೆಲಾಕ್ಸಿಫೀನ್ ಎಂದು ಬರೆದುಕೊಂಡೇ ಹೋಗಬೇಕು. ಹೋದರೂ ಅದೇ ಗುಳಿಗೆ ಅಲ್ಲಿ ಸಿಗದು. ದಿನಕ್ಕೊಂದರ ಪಟ್ಟಿಗೆ ಬದಲಾಯಿಸುವಾಗ ಎಷ್ಟು ದಿನ ಬೇರೆ ಎಚ್ಚರಿಕೆ ಬೇಕೆಂಬುದನ್ನು ವಿಮಾನ ಹತ್ತುವ ಮುಂಚೆ ಊರಿನ ವೈದ್ಯರಲ್ಲೇ ಕೇಳಿಕೊಳ್ಳಬೇಕು.