ಗಡಿನಾಡಿನ ಹುಡುಗರು ಮತ್ತು ಇಂಗ್ಲಿಷ್ ಪೇಪರು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳಬರು ಯಾರದಾದರೂ ವಿದ್ಯೆಯ ಅಳತೆ ಹೇಳಬೇಕಾದಾಗ ಎರಡು ಪರೀಕ್ಷೆಗಳ ಹೆಸರು ಎತ್ತುತ್ತಿದ್ದರು. ಒಂದು ಮುಲ್ಕಿ, ಇನ್ನೊಂದು ಮ್ಯಾಟ್ರಿಕ್. ಮುಲ್ಕಿ ಪಾಸಾದವನು ಕನ್ನಡ ಸಾಲಿ ಮಾಸ್ತರನೋ ತಲಾಠಿಯೋ ಆಗಬಹುದಿತ್ತು. ಮ್ಯಾಟ್ರಿಕ್ ಪಾಸಾದವನು ಕಾಲೇಜಿಗೆ ಹೋಗಬಹುದಿತ್ತು, ವಕೀಲನಾಗುವ ಕನಸು ಕಾಣಬಹುದಿತ್ತು. ಎರಡರ ನಡುವಿನ ಅಂತರ ಬುದ್ಧಿಯದಲ್ಲ, ಇಂಗ್ಲಿಷಿನದು. ಮ್ಯಾಟ್ರಿಕ್‌ನಲ್ಲಿ ನಪಾಸಾದುದನ್ನೂ ಒಂದು ಅರ್ಹತೆಯೆಂಬಂತೆ ಹೇಳಿಕೊಳ್ಳುವ ರೂಢಿ ಇತ್ತೆಂದರೆ, ಆ ಬಾಗಿಲಿನವರೆಗೆ ಹೋಗುವುದೇ ಎಷ್ಟು ದೊಡ್ಡ ಮಾತಾಗಿತ್ತೆಂಬುದು ತಿಳಿಯುತ್ತದೆ.

ಬೆಳಗಾವಿ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಅದರ ಮೊದಲ ಮ್ಯಾಟ್ರಿಕ್ಯುಲೇಷನ್ ಪರೀಕ್ಷೆ 1859ರಲ್ಲಿ ನಡೆಯಿತು. ಹೆಸರಿಗೆ ಅದು ಶಾಲೆಯ ಕೊನೆಯ ಪರೀಕ್ಷೆಯಂತೆ ಕಂಡರೂ ನಿಜದಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಆ ಮೊದಲ ವರ್ಷ ತೇರ್ಗಡೆಯಾದವರಲ್ಲಿ ಮಹಾದೇವ ಗೋವಿಂದ ರಾನಡೆ ಒಬ್ಬರು. 1862ರಲ್ಲಿ ಈ ವಿಶ್ವವಿದ್ಯಾಲಯದ ಮೊದಲ ಬಿ.ಎ. ಪದವೀಧರರು ಹೊರಬಂದಾಗ ಅವರ ಸಂಖ್ಯೆ ಕೇವಲ ನಾಲ್ಕು.

ಈ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದು ವಿಷಯ ಮಾತ್ರವಾಗಿರಲಿಲ್ಲ. ಬಹುಕಾಲದವರೆಗೆ ಇತಿಹಾಸ, ಭೂಗೋಳ, ಗಣಿತಗಳಿಗೂ ಇಂಗ್ಲಿಷಿನಲ್ಲಿಯೇ ಉತ್ತರ ಬರೆಯಬೇಕಿತ್ತು. ಲೆಕ್ಕ ಗೊತ್ತಿದ್ದು ಭಾಷೆ ಗೊತ್ತಿಲ್ಲದವನು ಲೆಕ್ಕದಲ್ಲಿಯೂ ಹಿಂದೆ ಬೀಳುತ್ತಿದ್ದ.

ಅಂದಿನ ತರಗತಿಗಳ ಎಣಿಕೆ ಇಂದಿನವರಿಗೆ ವಿಚಿತ್ರವೆನಿಸಬಹುದು. ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಎಲ್ಲರದೂ ಒಂದೇ ದಾರಿ. ಅಲ್ಲಿಂದ ದಾರಿ ಎರಡಾಗುತ್ತಿತ್ತು. ಊರಲ್ಲಿಯೇ ಉಳಿದು ಏಳನೆಯ ಇಯತ್ತೆ ಮುಗಿಸಿದರೆ ಮುಲ್ಕಿ. ಇಂಗ್ಲಿಷ್ ಶಾಲೆಗೆ ಸೇರಿದರೆ ಮತ್ತೆ ಒಂದರಿಂದ ಎಣಿಕೆ ಆರಂಭ: ಇಂಗ್ಲಿಷ್ ಒಂದನೆಯ ಇಯತ್ತೆ, ಎರಡನೆಯದು, ಹೀಗೆ ಏಳನೆಯದರ ಕೊನೆಗೆ ಮ್ಯಾಟ್ರಿಕ್. ಮುಲ್ಕಿ ಮುಗಿಸಿದ ಮೇಲೆ ಮ್ಯಾಟ್ರಿಕ್ ಆಸೆ ಹುಟ್ಟಿದರೆ, ಮೀಸೆ ಚಿಗುರುವ ವಯಸ್ಸಿನಲ್ಲಿ ಚಿಕ್ಕ ಹುಡುಗರ ಜೊತೆ ಎ, ಬಿ, ಸಿ, ಡಿ ಶುರು ಮಾಡಬೇಕಾಗುತ್ತಿತ್ತು. ಹತ್ತು ವರ್ಷದ ಹುಡುಗನ ಪರವಾಗಿ ಮನೆಯವರು ಮಾಡುತ್ತಿದ್ದ ಒಂದು ತೀರ್ಮಾನ ಅವನ ಇಡೀ ಬಾಳಿನ ದಿಕ್ಕನ್ನು ನಿರ್ಧರಿಸುತ್ತಿತ್ತು. ಇಂಗ್ಲಿಷ್ ಶಾಲೆ ಇದ್ದದ್ದು ಪೇಟೆಯಲ್ಲಿ. ಅಲ್ಲಿ ಫೀ ಕೊಡಬೇಕು, ಊಟ ವಸತಿಗೆ ದಾರಿ ಹುಡುಕಬೇಕು. ಹೊಲದ ಕೆಲಸಕ್ಕೆ ಕೈ ಬೇಕಾದ ಮನೆಯಲ್ಲಿ ಇದು ಸುಲಭದ ಮಾತಲ್ಲ.

ಗಡಿ ಭಾಗದಲ್ಲಿ ಇನ್ನೊಂದು ತೊಡಕೂ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಇಲ್ಲಿಯ ಹೆಚ್ಚಿನ ಸರಕಾರಿ ಶಾಲೆಗಳು ಮರಾಠಿ ಶಾಲೆಗಳೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್. ಕನ್ನಡ ಶಾಲೆಗಳನ್ನು ತೆರೆಯಿಸಿ ಅವುಗಳಿಗೆ ಶಿಕ್ಷಕರನ್ನು ಸಿದ್ಧಪಡಿಸಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಆಡಳಿತವೂ ಒಂದೇ ಇರಲಿಲ್ಲ. ಚಿಕ್ಕೋಡಿ, ಅಥಣಿ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ ಭಾಗ. ಸುತ್ತಲಿನ ಹಲವು ಹಳ್ಳಿಗಳು ಪಟವರ್ಧನರ ಸಂಸ್ಥಾನಗಳಿಗೆ ಸೇರಿದ್ದವು. ಆಡಳಿತ ಯಾವುದಾದರೇನು, ಮ್ಯಾಟ್ರಿಕ್ ಮಾತ್ರ ಮುಂಬಯಿಯದೇ.

ಹೀಗಾಗಿ ಇಲ್ಲಿಯ ವಿದ್ಯಾರ್ಥಿಗಳು ದೂರದ ಲೆಕ್ಕ ನೋಡಿ ಹೊರಟರು. ನಿಪ್ಪಾಣಿಯಿಂದ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗವಾಡಕ್ಕಂತೂ ಮಿರಜ ಕೂಗಳತೆ ಎನ್ನುವಷ್ಟು ಸಮೀಪ, ಬೆಳಗಾವಿ ನೂರು ಕಿಲೋಮೀಟರಿನ ಆಚೆ. ಕೊಲ್ಹಾಪುರದಲ್ಲಿ 1880ರಿಂದ ರಾಜಾರಾಮ ಕಾಲೇಜು ಇತ್ತು. ಶಾಹು ಮಹಾರಾಜರ ಪ್ರೋತ್ಸಾಹದಿಂದ 1901ರ ನಂತರ ಅಲ್ಲಿ ಮರಾಠಾ, ಜೈನ, ಲಿಂಗಾಯತ ಮುಂತಾದ ಸಮಾಜಗಳ ವಿದ್ಯಾರ್ಥಿ ನಿಲಯಗಳು ಎದ್ದವು. 1919ರಲ್ಲಿ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜು ಬಂತು. ಈಚೆ ಬೆಳಗಾವಿಯಲ್ಲಿ ‘ಸಪ್ತರ್ಷಿಗಳು’ ಎಂದು ಹೆಸರಾದ ಏಳು ಮಂದಿ ಸೇರಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. (ಅವರಲ್ಲೊಬ್ಬರ ಅಡ್ಡಹೆಸರೇ ಚಿಕ್ಕೋಡಿ!) ಅವರ ಮೊದಲ ಕೆಲಸ ಕಾಲೇಜಲ್ಲ, ಗಿಲಗಂಚಿ ಅರಟಾಳ ಹೈಸ್ಕೂಲು. ಮ್ಯಾಟ್ರಿಕ್ ದಾಟಿಸದೆ ಕಾಲೇಜು ಕಟ್ಟಿ ಫಲವೇನು? ಲಿಂಗರಾಜ ಕಾಲೇಜು ಬರಲು 1933 ಆಗಬೇಕಾಯಿತು.

ಈ ಬಾಗಿಲು ದಾಟಿದವರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗಾದ ಆದಿನಾಥ ನೇಮಿನಾಥ ಉಪಾಧ್ಯೆ ಒಬ್ಬರು. ಹುಟ್ಟಿದ್ದು 1906ರಲ್ಲಿ. ಊರಿನ ಶಾಲೆ, ಬೆಳಗಾವಿಯ ಹೈಸ್ಕೂಲು, ಮುಂದೆ ಕಾಲೇಜು, 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಅದೇ ವರ್ಷ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1935ರಲ್ಲಿ ಅವರು ಸಂಪಾದಿಸಿದ ‘ಪ್ರವಚನಸಾರ’ಕ್ಕೆ ಬರೆದ ಸುದೀರ್ಘ ಪ್ರಸ್ತಾವನೆ ಇಂಗ್ಲಿಷಿನಲ್ಲಿದೆ. ಪ್ರಾಕೃತ ಗ್ರಂಥವನ್ನು ದೇಶವಿದೇಶದ ವಿದ್ವಾಂಸರಿಗೆ ತಲುಪಿಸಲು ಬೇಕಾದ ಭಾಷೆಯನ್ನು ಅವರು ಸಂಪಾದಿಸಿಕೊಂಡಿದ್ದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೂ ಅವರಿಗೆ ಒಲಿಯಿತು. ಇಂಗ್ಲಿಷ್ ಕಲಿತವನು ಕನ್ನಡಕ್ಕೆ ಎರವಾಗುತ್ತಾನೆ ಎನ್ನುವವರು ಸದಲಗಾದ ಕಡೆಗೊಮ್ಮೆ ನೋಡಬೇಕು.

ಎಲ್ಲರಿಗೂ ಬಾಗಿಲು ಒಂದೇ ತೆರನಾಗಿರಲಿಲ್ಲ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಪರಿಷತ್ತು ನಡೆದಾಗ ಅಲ್ಲಿಗೆ ಬಂದಿದ್ದ ಡಾ. ಬಿ.ಆರ್. ಅಂಬೇಡ್ಕರರು 1907ರಲ್ಲಿ ಇದೇ ಮ್ಯಾಟ್ರಿಕ್ ದಾಟಿದವರು. 750ಕ್ಕೆ 282 ಅಂಕ. ಸಂಸ್ಕೃತ ಕಲಿಯಲು ಬಿಡದ ಕಾರಣ ಅವರು ಪರ್ಷಿಯನ್ ಓದಬೇಕಾಗಿತ್ತು. ಮುಂದೆ ಕೊಲಂಬಿಯಾ, ಲಂಡನ್‌ಗಳಲ್ಲಿ ಡಾಕ್ಟರೇಟ್ ಪಡೆದವರನ್ನು ಮ್ಯಾಟ್ರಿಕ್ ಅಂಕಗಳಿಂದ ಅಳೆಯುವುದಾದರೆ ಆ ಅಳತೆಗೋಲಿನ ಬಗ್ಗೆಯೇ ಅನುಮಾನ ಬರುತ್ತದೆ.

ಸಿದ್ಧತೆ ಹೇಗಿತ್ತು? ವ್ಯಾಕರಣ, ಭಾಷಾಂತರ, ಪ್ರಬಂಧ, ಪತ್ರಲೇಖನ. ಮರಾಠಿಯಲ್ಲಿ ಓದಿದವರ ಕೈಯಲ್ಲಿ ತರ್ಖಡಕರರ ಭಾಷಾಂತರ ಪಾಠಮಾಲೆ. ಆಮೇಲಿನ ಪೀಳಿಗೆಗೆ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ. ಈ ರೆನ್ ಸಾಹೇಬರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಜಗತ್ಪ್ರಸಿದ್ಧರಾದರು. ಅವರ ಕಾದಂಬರಿಗಿಂತ ವ್ಯಾಕರಣಕ್ಕೆ ನಮ್ಮಲ್ಲಿ ಹೆಚ್ಚು ಓದುಗರು ಸಿಕ್ಕಿದರು, ಹೆದರಿಕೊಂಡಾದರೂ ಸರಿ. ಈ ಕ್ರಮದ ಒಂದು ಗುಣವೆಂದರೆ ಬರವಣಿಗೆ ಗಟ್ಟಿಯಾಗುತ್ತಿತ್ತು. ದೋಷವೆಂದರೆ, ಬಾಯಿ ಬಿಟ್ಟು ನಾಲ್ಕು ಮಾತು ಆಡದೆಯೇ ಪಾಸಾಗಬಹುದಿತ್ತು.

ಸ್ವಾತಂತ್ರ್ಯಾನಂತರ ಮುಂಬಯಿಯ ಖೇರ್ ಸರಕಾರ ಐದರಿಂದ ಏಳನೆಯ ತರಗತಿಯವರೆಗಿನ ಇಂಗ್ಲಿಷನ್ನು ತೆಗೆದು ಎಂಟರಿಂದ ಆರಂಭಿಸಿತು. ಮ್ಯಾಟ್ರಿಕ್ ಜಾಗಕ್ಕೆ 1949ರಲ್ಲಿ ಎಸ್.ಎಸ್.ಸಿ. ಬಂತು. ಮಾತೃಭಾಷೆಯಲ್ಲಿ ಕಲಿಯಲಿ ಎಂಬ ಉದ್ದೇಶ ಒಳ್ಳೆಯದೇ. ಹಳ್ಳಿಯ ಹುಡುಗನಿಗೆ ಹತ್ತನೆಯ ವಯಸ್ಸಿನಲ್ಲಿಯೇ ದಾರಿ ಕವಲೊಡೆಯುವ ಕಷ್ಟವೂ ತಪ್ಪಿತು. ಆದರೆ ಏಳು ವರ್ಷದ ಇಂಗ್ಲಿಷ್ ನಾಲ್ಕು ವರ್ಷಕ್ಕೆ ಇಳಿಯಿತು. ಕಾಲೇಜಿನ ಪಾಠ ಮಾತ್ರ ಇಂಗ್ಲಿಷಿನಲ್ಲಿಯೇ ಉಳಿಯಿತು. ಗೋಡೆ ಕೆಡವಲಿಲ್ಲ, ಏಣಿಯ ಮೆಟ್ಟಿಲು ಕಡಿಮೆ ಮಾಡಿದರು. ಆಗ ಪ್ರಾಂತದ ಶಿಕ್ಷಣ ನಿರ್ದೇಶಕರಾಗಿದ್ದವರು ರಾಯಬಾಗದ ನೆರೆಯ ಗೋಕಾಕ ತಾಲ್ಲೂಕಿನ ಮಮದಾಪುರದವರಾದ, ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆಗಿದ್ದ ಡಿ.ಸಿ. ಪಾವಟೆ. 1954ರಲ್ಲಿ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಎಂಟನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಕಲಿತ ಮಕ್ಕಳು ಪದವಿಗೆ ಬಂದದ್ದು ಅವರ ವಿಶ್ವವಿದ್ಯಾಲಯಕ್ಕೇ.

ಅದೇ ಸೀಮೆಗೆ ಹೆಸರಾದ ಇನ್ನೊಬ್ಬರು ವಿ.ಕೃ. ಗೋಕಾಕ. ಆಕ್ಸ್‌ಫರ್ಡ್‌ನಿಂದ ಮರಳಿ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾಗಿ, ಮುಂದೆ ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷಿನ ನಿರ್ದೇಶಕರಾಗಿ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡಿದವರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಬೇಕೆಂಬ 1981ರ ವರದಿಗೂ ಅವರದೇ ಹೆಸರು. ಎರಡು ಕೆಲಸಗಳಲ್ಲಿ ವಿರೋಧ ಕಾಣುವವರು ಈ ಭಾಗದ ಶಾಲೆಗಳನ್ನು ನೋಡಿರಲಾರರು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದರೂ ನಿಪ್ಪಾಣಿಯ ಮಗ್ಗುಲಲ್ಲೇ, ಗಡಿಯ ಆಚೆ ಕಾಗಲ ತಾಲ್ಲೂಕಿನ ಅರ್ಜುನನಗರದಲ್ಲಿ ದೇವಚಂದ ಕಾಲೇಜು ಇದೆ. ಅದು 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಂದೇ ಓಣಿಯ ಇಬ್ಬರು ಹುಡುಗರು ಎರಡು ರಾಜ್ಯಗಳ ಇಂಗ್ಲಿಷ್ ಪೇಪರು ಬರೆಯಬಹುದು. ತಂಬಾಕಿನ ವಖಾರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆ ಮನೆ ಹತ್ತಿರದ ಕಾಲೇಜು ಯಾವ ರಾಜ್ಯದ್ದೆಂಬುದು ಎರಡನೆಯ ಪ್ರಶ್ನೆ.

ಕರ್ನಾಟಕದಲ್ಲಿ ಐದನೆಯ ತರಗತಿಯಿಂದ ಇದ್ದ ಇಂಗ್ಲಿಷ್ 2007-08ರಿಂದ ಒಂದನೆಯ ತರಗತಿಗೇ ಇಳಿಯಿತು. ಮಾಧ್ಯಮದ ವಿವಾದ 2014ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಮಾತೃಭಾಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂಬ ತೀರ್ಪು ಬಂತು. ಈಗ ವಿದೇಶಕ್ಕೆ ಹೊರಡುವವರು ಬರೆಯುವ, 1989ರಲ್ಲಿ ಶುರುವಾದ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದರ ಜೊತೆಗೆ ಪರೀಕ್ಷಕರ ಎದುರು ಮಾತಾಡುವುದೂ ಇದೆ. ಹಳೆಯ ಮ್ಯಾಟ್ರಿಕ್ ಪಂಡಿತರಲ್ಲಿ ಎಷ್ಟೋ ಜನ ಅಲ್ಲಿ ತಡವರಿಸುತ್ತಿದ್ದರೇನೋ.

ಊರಲ್ಲಿಯೇ ಉಳಿದು ಓದುವವರ ಪರೀಕ್ಷೆ ಬೇರೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಈ ತಾಲ್ಲೂಕುಗಳ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಫಲಿತಾಂಶದ ದಿನ ಕಾಲೇಜಿನ ಅಂಗಳದಲ್ಲಿ ಕೇಳುವ ಮಾತು ಹಳೆಯದೇ: ‘ಎಲ್ಲಾ ಪಾಸಾತು, ಇಂಗ್ಲಿಷ್ ಒಂದು ಉಳೀತು.’ ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಲ್ಲಿ ಓದಿ ಬಂದವರು ಅಲ್ಲಿ ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ಆ ಪೇಪರು ಮೂವರಿಗೂ ಒಂದೇ.