ಆಕ್ರಮಣಶೀಲತೆ
ಇತರರಿಗೆ ಬೇಕೆಂದೇ ನೋವುಂಟುಮಾಡುವ ವರ್ತನೆ. ಇದು ಹುಟ್ಟುಗುಣವೆಂದು ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕಾನ್ರಾಡ್ ಲೊರೆಂಟ್ಸ್ 1963ರಲ್ಲಿ ವಾದಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳೊಡನೆ ನಡೆಸಿದ ಪ್ರಯೋಗ ಬೇರೆಯದನ್ನೇ ತೋರಿಸಿತ್ತು: ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿದು, ಅಬ್ಬರಿಸುವುದನ್ನು ಕಂಡ ಮಕ್ಕಳಲ್ಲಿ ಅನೇಕರು ಅದೇ ಏಟು, ಅದೇ ಮಾತುಗಳನ್ನು ಅನುಕರಿಸಿದರು.

ನ್ಯೂಜಿಲೆಂಡಿನ ಡನೀಡಿನ್ ಅಧ್ಯಯನ (2002) ಎರಡು ವಾದಗಳನ್ನೂ ಬೆಸೆಯಿತು. ಮಿದುಳಿನ ಕೆಲವು ರಾಸಾಯನಿಕಗಳನ್ನು ಒಡೆಯುವ ಎಂಎಒಎ ಕಿಣ್ವದ ಚಟುವಟಿಕೆಯನ್ನು ತಗ್ಗಿಸುವ ಜೀನ್ ರೂಪವಿದ್ದ ಗಂಡಸರ ಪೈಕಿ, ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ ಸಮಾಜವಿರೋಧಿ ವರ್ತನೆ ಹೆಚ್ಚಾಗಿತ್ತು. ನಂತರದ ಅಧ್ಯಯನಗಳ ಫಲಿತಾಂಶಗಳು ಏಕರೂಪವಾಗಿಲ್ಲ. ಜೀನಿನ ಮೇಲೆ ತಪ್ಪು ಹೊರಿಸಿ ಸಮಾಜ ಕೈತೊಳೆದುಕೊಳ್ಳುವಂತಿಲ್ಲ. ಮಗುವಿಗೆ ಬೀಳುವ ಏಟನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ. ಯುದ್ಧವೂ ಜೈವಿಕವಾಗಿ ಅನಿವಾರ್ಯವಲ್ಲವೆಂದ ವಿಜ್ಞಾನಿಗಳ 1986ರ ಸೆವಿಲ್ ಹೇಳಿಕೆಯನ್ನು ಯುನೆಸ್ಕೊ 1989ರಲ್ಲಿ ಅಂಗೀಕರಿಸಿತು.